ಕರೆಂಟು ಹೋದ ಮೇಲೆ ಸಿದ್ದ ಏನಾದ?

‘ಮಾಲ್ಗುಡಿ ಡೇಸ್’ ಅಂದ ಕೂಡಲೇ ನಮ್ಮ ವಯಸ್ಸಿನವರ ಮೊಬೈಲಿನಲ್ಲಿ ಬರುವುದು ಒಂದೇ ಥರದ ರೀಲ್ಸ್. ಹಿನ್ನೆಲೆಗೆ ಆ ಶೀರ್ಷಿಕೆ ಸಂಗೀತ, ಆಗುಂಬೆಯ ಮಳೆ, ಚಡ್ಡಿ ಹಾಕಿಕೊಂಡು ಓಡುವ ಸ್ವಾಮಿ, ಕೆಳಗೆ ‘ಆ ದಿನಗಳೇ ಚೆಂದ’ ಎಂಬ ಒಂದು ಸಾಲು. ಆ ದಿನಗಳಲ್ಲಿ ಹುಟ್ಟೇ ಇರದವರೂ ಹಾಗೆ ಬರೆದುಕೊಳ್ಳುತ್ತಾರೆ. ಆದರೆ ನಮ್ಮ ನೆಂಟರನ್ನು ಕೇಳಿದರೆ ಸಿಗುವ ಮಾಲ್ಗುಡಿಯೇ ಬೇರೆ. ಅವರ ಪಾಲಿಗೆ ಅದು ಉಗುರು ಕಚ್ಚಿಕೊಂಡು ನೋಡಿದ ಧಾರಾವಾಹಿ. ಯಾಕೆಂದರೆ ಅವರಲ್ಲಿ ಬಹಳ ಜನ ಅದರ ಎಷ್ಟೋ ಕಥೆಗಳ ಕೊನೆಯನ್ನೇ ನೋಡಿಲ್ಲ.

ನಮ್ಮ ನೆಂಟಸ್ತಿಕೆ ಹರಡಿರುವುದು ನಾಲ್ಕು ತಾಲ್ಲೂಕುಗಳಲ್ಲಿ. ಅಪ್ಪನ ಊರು ನಾಗಮಂಗಲದ ಕಡೆ. ಅತ್ತೆಯನ್ನು ಕೊಟ್ಟಿರುವುದು ಕೆ.ಆರ್. ಪೇಟೆಯ ಕಿಕ್ಕೇರಿ ಹತ್ತಿರ. ಅಮ್ಮನ ತವರು ಪಾಂಡವಪುರ. ದೊಡ್ಡಪ್ಪ ಹತ್ತೊಂಬತ್ತನೇ ವಯಸ್ಸಿಗೆ ಊರು ಬಿಟ್ಟು ಶ್ರೀರಂಗಪಟ್ಟಣಕ್ಕೆ ಹೋದವನು ಅಲ್ಲೇ ಉಳಿದ. ಹಬ್ಬ, ಮದುವೆ, ತಿಥಿ ಅಂತ ಓಡಾಡುವಾಗೆಲ್ಲ ನಾನು ಒಂದೇ ಪ್ರಶ್ನೆ ಕೇಳುತ್ತಾ ಬಂದೆ: ‘ನೀವು ಮೊದಲು ಟಿ.ವಿ. ನೋಡಿದ್ದು ಎಲ್ಲಿ, ಏನು ನೋಡಿದ್ರಿ?’ ‘ರಾಮಾಯಣ’ ಅಂತ ಎಲ್ಲರೂ ಹೇಳುತ್ತಾರೆ. ಸ್ವಲ್ಪ ಹೊತ್ತು ಕೂತರೆ ‘ಅದ್ಕೂ ಮುಂಚೆ ಇನ್ನೊಂದು ಬತ್ತಿತ್ತು, ವಾರಕ್ಕೊಂದು ಕತೆ’ ಅಂತ ಶುರುವಾಗುತ್ತದೆ.

ಈ ‘ವಾರಕ್ಕೊಂದು ಕತೆ’ ಅನ್ನುವ ಬಗೆಗೆ ತನ್ನದೇ ಒಂದು ಚರಿತ್ರೆ ಇದೆ. ಇವತ್ತಿನ ಧಾರಾವಾಹಿಯಲ್ಲಿ ಅತ್ತೆ ತಟ್ಟೆ ಬೀಳಿಸಿದರೆ ಅದು ನೆಲ ಮುಟ್ಟುವುದು ಮುಂದಿನ ಸೋಮವಾರ. ವಾರಕ್ಕೊಂದು ಕಥೆಯಲ್ಲಿ ಹಾಗಿಲ್ಲ. ಅರ್ಧ ಗಂಟೆಯೊಳಗೆ ಪಾತ್ರಗಳು ಹುಟ್ಟಬೇಕು, ಸಿಕ್ಕಿಹಾಕಿಕೊಳ್ಳಬೇಕು, ಮುಗಿಯಬೇಕು. ಮುಂದಿನ ವಾರ ಅವರ ಸುದ್ದಿಯೇ ಇಲ್ಲ, ಬೇರೆ ಜನ, ಬೇರೆ ಮನೆ. ಇದನ್ನು ಜಗತ್ತಿಗೆಲ್ಲ ಪರಿಚಯ ಮಾಡಿಸಿದವರಲ್ಲಿ ಮುಖ್ಯನಾದವನು ಸಿನಿಮಾ ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್. ಅಮೆರಿಕದಲ್ಲಿ 1955ರ ಅಕ್ಟೋಬರ್ 2ರಂದು ‘ಆಲ್ಫ್ರೆಡ್ ಹಿಚ್‌ಕಾಕ್ ಪ್ರೆಸೆಂಟ್ಸ್’ ಶುರುವಾಯಿತು. ತೆರೆಯ ಮೇಲೆ ಒಂದು ರೇಖಾಚಿತ್ರ: ದಪ್ಪ ತುಟಿ, ಜೋಲು ಗಲ್ಲ, ಡೊಳ್ಳು ಹೊಟ್ಟೆಯ ಪಾರ್ಶ್ವನೋಟ. ಅದರೊಳಕ್ಕೆ ಹಿಚ್‌ಕಾಕ್‌ನ ನೆರಳು ಬಂದು ಸರಿಯಾಗಿ ಕೂರುತ್ತದೆ. ಆಮೇಲೆ ಆತ ಬಂದು ಸಾವಿನ ಮನೆಯವನ ಮುಖ ಮಾಡಿಕೊಂಡು ಜೋಕು ಹೇಳುತ್ತಾನೆ, ಜಾಹೀರಾತು ಕೊಟ್ಟವರನ್ನೇ ಗೇಲಿ ಮಾಡುತ್ತಾನೆ, ಕಥೆ ಶುರುವಾಗುತ್ತದೆ. 1962ರಲ್ಲಿ ಅದೇ ಒಂದು ಗಂಟೆಯ ಕಾರ್ಯಕ್ರಮವಾಗಿ 1965ರವರೆಗೆ ನಡೆಯಿತು. ಎರಡೂ ಸೇರಿ ಮುನ್ನೂರಕ್ಕೂ ಹೆಚ್ಚು ಕಂತು. ಅವುಗಳಲ್ಲಿ ಆತನೇ ನಿರ್ದೇಶಿಸಿದ್ದು ಇಪ್ಪತ್ತಕ್ಕಿಂತ ಕಡಿಮೆ. ಆದರೂ ಜನರ ನೆನಪಿನಲ್ಲಿ ಉಳಿದಿರುವುದು ಅವನ ಹೊಟ್ಟೆಯೇ.

1958ರ ಒಂದು ಕಂತು ತುಂಬಾ ಹೆಸರುವಾಸಿ. ರೋಆಲ್ಡ್ ಡಾಲ್ ಬರೆದ ಕಥೆ. ಪೊಲೀಸ್ ಅಧಿಕಾರಿಯೊಬ್ಬ ಬಸುರಿ ಹೆಂಡತಿಯನ್ನು ಬಿಟ್ಟು ಹೋಗುತ್ತೇನೆ ಅನ್ನುತ್ತಾನೆ. ಅವಳು ಫ್ರಿಜ್ಜಿನಲ್ಲಿ ಕಲ್ಲಿನಂತೆ ಹೆಪ್ಪುಗಟ್ಟಿದ್ದ ಕುರಿಯ ತೊಡೆಯಿಂದ ಅವನ ತಲೆಗೆ ಹೊಡೆಯುತ್ತಾಳೆ, ಅವನು ಅಲ್ಲೇ ಸಾಯುತ್ತಾನೆ. ತನಿಖೆಗೆ ಬಂದ ಪೊಲೀಸರು ಆಯುಧ ಹುಡುಕುತ್ತಾರೆ, ಹುಡುಕುತ್ತಾರೆ, ಸಿಗುವುದಿಲ್ಲ. ಅಷ್ಟರಲ್ಲಿ ಒಲೆಯಲ್ಲಿ ಬೆಂದ ಆ ತೊಡೆಯನ್ನು ಅವಳು ಅವರಿಗೇ ಬಡಿಸುತ್ತಾಳೆ. ಬಂಡೂರು ಕುರಿಯ ಜಿಲ್ಲೆಯವರಾದ ನಮಗೆ ಈ ಕಥೆ ಹೇಳಿದರೆ ‘ಅಂಥ ತೊಡೆನ ತಲೆ ಮೇಲೆ ಹಾಳ್ಮಾಡ್ತಾರಾ’ ಅಂತ ಮೊದಲು ಕೇಳುತ್ತಾರೆ. ನಾನು ಹೇಳಿದಾಗ ಸೋದರಮಾವ ಕೇಳಿದ್ದು ಅದನ್ನೇ.

ಇದೇ ಹಿಚ್‌ಕಾಕ್ 1962ರಲ್ಲಿ ಫ್ರೆಂಚ್ ನಿರ್ದೇಶಕ ತ್ರುಫೋ ಜೊತೆ ಮಾತಾಡುವಾಗ ಒಂದು ಲೆಕ್ಕ ಹೇಳಿದ್ದ. ಇಬ್ಬರು ಮೇಜಿನ ಮುಂದೆ ಕೂತು ಹರಟುತ್ತಿದ್ದಾರೆ. ಇದ್ದಕ್ಕಿದ್ದಂತೆ ಮೇಜಿನ ಕೆಳಗೆ ಬಾಂಬ್ ಸಿಡಿದರೆ ನೋಡುವವರಿಗೆ ಹದಿನೈದು ಸೆಕೆಂಡಿನ ಗಾಬರಿ. ಬಾಂಬ್ ಇದೆ ಅಂತ ಮೊದಲೇ ನಮಗೆ ತೋರಿಸಿ, ಅವರಿಗೆ ತೋರಿಸದೆ ಬಿಟ್ಟರೆ ಹದಿನೈದು ನಿಮಿಷದ ಉಸಿರುಗಟ್ಟು. ಮೊದಲನೆಯದು ಬೆಚ್ಚಿಬೀಳುವುದು, ಎರಡನೆಯದು ಸಸ್ಪೆನ್ಸ್. ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಮೂರನೆಯದೊಂದು ಇತ್ತು: ಬಾಂಬ್ ಇದೆ ಅಂತ ತೋರಿಸಿದ ಮೇಲೆ ಕರೆಂಟು ಹೋಗುವುದು.

ಹಿಚ್‌ಕಾಕ್ ಕಾರ್ಯಕ್ರಮ ನಮ್ಮ ಹಳ್ಳಿಗಳಿಗೆ ಬಂದಿರಲಿಲ್ಲ, ಅದರ ಬಗೆ ಮಾತ್ರ ದೂರದರ್ಶನದ ಮೂಲಕ ಬಂತು. ಬೆಂಗಳೂರು ದೂರದರ್ಶನ ಕೇಂದ್ರ ಶುರುವಾಗಿದ್ದು 1981ರ ನವೆಂಬರ್ 1ಕ್ಕೆ. ಮರುವರ್ಷ ಏಷ್ಯನ್ ಗೇಮ್ಸ್ ಜೊತೆಗೆ ಬಣ್ಣ ಬಂತು. 1984ರಲ್ಲಂತೂ ದೇಶದಲ್ಲಿ ದಿನಕ್ಕೊಂದರ ಲೆಕ್ಕದಲ್ಲಿ ಸಣ್ಣ ಪ್ರಸಾರ ಕೇಂದ್ರಗಳನ್ನು ತೆರೆದರು. ಅದೇ ವರ್ಷ ‘ಹಮ್ ಲೋಗ್’. 1985ರಲ್ಲಿ ‘ವಿಕ್ರಮ್ ಔರ್ ಬೇತಾಳ್’. ಚಂದಮಾಮ ಓದುತ್ತಿದ್ದವರಿಗೆ ಹಳೆಯ ನೆಂಟ. ವಾರಕ್ಕೊಂದು ಕಥೆ, ಕೊನೆಗೊಂದು ಒಗಟು, ಹೆಣ ಮತ್ತೆ ಮರಕ್ಕೆ. ಯೋಚಿಸಿ ನೋಡಿದರೆ ಹಿಚ್‌ಕಾಕ್‌ಗಿಂತ ಎಷ್ಟೋ ಶತಮಾನ ಮೊದಲೇ ನಮ್ಮಲ್ಲಿ ಕಥೆ ಹೇಳುವ ನಿರೂಪಕನೊಬ್ಬ ಇದ್ದ, ಅವನು ಹೆಗಲ ಮೇಲೆ ಕೂತಿರುತ್ತಿದ್ದ. ಹೆಚ್ಚುಕಡಿಮೆ ಅದೇ ಕಾಲಕ್ಕೆ ಬಂದ ‘ಸತ್ಯಜಿತ್ ರೇ ಪ್ರೆಸೆಂಟ್ಸ್’ ಹೆಸರಿನಲ್ಲೇ ಹಿಚ್‌ಕಾಕ್‌ನನ್ನು ನೆನಪಿಸುತ್ತದೆ.

1986ರಲ್ಲಿ ‘ಮಾಲ್ಗುಡಿ ಡೇಸ್’. ಕಥೆ ಮೈಸೂರಿನ ಆರ್.ಕೆ. ನಾರಾಯಣ್ ಅವರದು, ನಿರ್ದೇಶನ ಶಂಕರ್ ನಾಗ್, ನಿರ್ಮಾಪಕರು ಟಿ.ಎಸ್. ನರಸಿಂಹನ್, ಸಂಗೀತ ಎಲ್. ವೈದ್ಯನಾಥನ್, ಶೀರ್ಷಿಕೆಯ ಚಿತ್ರಗಳು ಆರ್.ಕೆ. ಲಕ್ಷ್ಮಣ್ ಅವರದು. ಜಾನ್ ದೇವರಾಜ್ ಆಗುಂಬೆಯನ್ನೇ ಮಾಲ್ಗುಡಿ ಮಾಡಿದರು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅವನ ಅಪ್ಪ ಗಿರೀಶ ಕಾರ್ನಾಡ, ಅಮ್ಮ ವೈಶಾಲಿ ಕಾಸರವಳ್ಳಿ. ಮೂವತ್ತೊಂಬತ್ತು ಕಂತು, ಬಹಳ ವರ್ಷಗಳ ನಂತರ, 2006ರಲ್ಲಿ, ಕವಿತಾ ಲಂಕೇಶ್ ಇನ್ನೂ ಹದಿನೈದು ಮಾಡಿದರು.

ಈ ಪಟ್ಟಿಯನ್ನು ಓದಿದರೆ ಅದೊಂದು ಕನ್ನಡದ ಧಾರಾವಾಹಿ ಅನ್ನಿಸುತ್ತದೆ. ಮೈಸೂರಿನ ಲೇಖಕ, ಹೊನ್ನಾವರದಲ್ಲಿ ಹುಟ್ಟಿದ ನಿರ್ದೇಶಕ, ತೀರ್ಥಹಳ್ಳಿ ತಾಲ್ಲೂಕಿನ ಊರು, ನಮ್ಮದೇ ನಟರು. ಆದರೆ ಬರೆದದ್ದು ಇಂಗ್ಲಿಷಿನಲ್ಲಿ, ಟಿ.ವಿ.ಯಲ್ಲಿ ಮಾತಾಡಿದ್ದು ಹಿಂದಿ. ಕಾರ್ನಾಡರು ಹಿಂದಿಯಲ್ಲಿ ಗದರಿದರೆ ನಾಗಮಂಗಲದಲ್ಲಿ ಕೂತವರಿಗೆ ಗದರಿದ್ದು ಗೊತ್ತಾಗುತ್ತಿತ್ತು, ಯಾಕೆ ಅಂತ ಗೊತ್ತಾಗುತ್ತಿರಲಿಲ್ಲ. ಅದು ಕನ್ನಡದಲ್ಲಿ ಮಾತಾಡಿದ್ದು 2020ರ ಲಾಕ್‌ಡೌನ್ ಹೊತ್ತಿನಲ್ಲಿ, ಡಬ್ ಆಗಿ ಜೀ ಕನ್ನಡದಲ್ಲಿ ಬಂದಾಗ. ಮಧ್ಯೆ ಮೂವತ್ತು ವರ್ಷಕ್ಕೂ ಮಿಕ್ಕಿ ಹೋಗಿತ್ತು. ಶಂಕರ್ ನಾಗ್ ಅಂತೂ 1990ರ ಸೆಪ್ಟೆಂಬರ್ 30ರಂದೇ ದಾವಣಗೆರೆ ಹತ್ತಿರದ ಅಪಘಾತದಲ್ಲಿ ತೀರಿಕೊಂಡಿದ್ದರು.

ಟಿ.ವಿ. ಊರಿಗೆ ಬಂದ ಬಗೆಯಲ್ಲೂ ನಾಲ್ಕು ತಾಲ್ಲೂಕು ಒಂದೇ ಅಲ್ಲ. ಶ್ರೀರಂಗಪಟ್ಟಣ, ಪಾಂಡವಪುರದ ಕಡೆ ಕನ್ನಂಬಾಡಿ ಕಟ್ಟೆಯ ನೀರು, ಕಬ್ಬು, ಸಕ್ಕರೆ ಕಾರ್ಖಾನೆ. ಅಮ್ಮನ ಊರಿನಲ್ಲಿ ಕಬ್ಬಿನ ದುಡ್ಡು ಕೈಗೆ ಬಂದ ವರ್ಷ ಒಂದೇ ಬೀದಿಯಲ್ಲಿ ಮೂರು ಮನೆಯವರು ಟಿ.ವಿ. ತಂದರಂತೆ, ಮರದ ಪೆಟ್ಟಿಗೆಯದು, ಬಾಗಿಲು ಎಳೆದು ಬೀಗ ಹಾಕುವಂಥದ್ದು. ನಾಗಮಂಗಲದ ಕಡೆ ರಾಗಿ, ಹುರುಳಿ, ಮಳೆ ಬಂದರೆ ಬಂತು. ಅಪ್ಪನ ಊರಿನಲ್ಲಿ ಇದ್ದದ್ದು ಒಂದೇ ಟಿ.ವಿ., ಒಬ್ಬ ಜಮೀನ್ದಾರರ ಮನೆಯಲ್ಲಿ. ಬಿದಿರು ಗಳ ಕಟ್ಟಿದ ಆಂಟೆನಾ ತಿರುಗಿಸಲು ಒಬ್ಬ ಹುಡುಗ ಹೆಂಚಿನ ಮೇಲೆ ಇರುತ್ತಿದ್ದ. ‘ಬಂತಾ?’ ಅಂತ ಅವನು ಮೇಲಿಂದ, ‘ಹೋಯ್ತು, ಹೋಯ್ತು, ಅಲ್ಲೇ ನಿಲ್ಸು’ ಅಂತ ಇವರು ಕೆಳಗಿಂದ. ಕಥೆ ನೋಡಲು ಅವನಿಗೆ ಸಿಗುತ್ತಿದ್ದದ್ದು ಕರೆಂಟು ಹೋದಾಗಿನ ಬೈಗುಳ ಮಾತ್ರ.

ಮನೆಯವರು, ಅವರ ಜನ ಹಜಾರದಲ್ಲಿ. ಹೈಸ್ಕೂಲಿನ ಹಿಂದಿ ಮೇಷ್ಟ್ರಿಗೆ ಕುರ್ಚಿ, ಯಾಕೆಂದರೆ ಅರ್ಥ ಹೇಳಬೇಕಾದವರು ಅವರೇ. ಮಿಕ್ಕ ಜನ ಜಗುಲಿಯ ಮೇಲೆ. ನಮ್ಮ ಕೇರಿಯ ಹುಡುಗರು ಅಂಗಳದಾಚೆ, ಕಿಟಕಿಯ ಹೊರಗೆ. ಯಾರೂ ಬೋರ್ಡ್ ಹಾಕಿರಲಿಲ್ಲ, ಯಾರೂ ಹೇಳಬೇಕಾಗಿಯೂ ಇರಲಿಲ್ಲ. ಅಪ್ಪನಿಗೆ ಆಗ ಹನ್ನೊಂದು ವರ್ಷ. ಕಿಟಕಿಯಿಂದ ಪರದೆ ಓರೆಯಾಗಿ ಕಾಣುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಕೇಳಿಸಿದ್ದರೂ ಹಿಂದಿ. ಮೇಷ್ಟ್ರು ಐದು ನಿಮಿಷದ ಮಾತಿಗೆ ‘ಏನಿಲ್ಲ, ಬಯ್ತಾ ಅವ್ನೆ’ ಅಂತ ಒಂದು ಸಾಲಿನ ಅರ್ಥ ಹೇಳಿದರೆ ಅದು ಜಗುಲಿಗೆ ಬಂದು, ಜಗುಲಿಯಿಂದ ಕಿಟಕಿಗೆ ಬರುವಷ್ಟರಲ್ಲಿ ‘ಹೊಡೀತಾನಂತೆ’ ಆಗಿರುತ್ತಿತ್ತು. ಹಾಗಾಗಿ ಕಿಟಕಿಯ ಹುಡುಗರು ತಾವೇ ಮಾತು ಕಟ್ಟಿದರು. ಅಪ್ಪನ ಗೆಳೆಯನೊಬ್ಬ ಎಲ್ಲ ಪಾತ್ರಕ್ಕೂ ನಮ್ಮ ಭಾಷೆಯಲ್ಲಿ ಪಿಸುಪಿಸು ಡೈಲಾಗ್ ಹೇಳುತ್ತಿದ್ದನಂತೆ. ಈ ಲೆಕ್ಕದಲ್ಲಿ ಮಾಲ್ಗುಡಿಯನ್ನು ಮೊದಲು ಕನ್ನಡಕ್ಕೆ ಡಬ್ ಮಾಡಿದ್ದು ನಾಗಮಂಗಲ ತಾಲ್ಲೂಕಿನ ಒಂದು ಕಿಟಕಿ.

ಅಪ್ಪ ಮರೆಯದ ಕಂತು ‘ಲೀಲಾಳ ಗೆಳೆಯ’. ಐದು ವರ್ಷದ ಲೀಲಾ, ಅವರ ಮನೆಗೆ ಕೆಲಸ ಕೇಳಿಕೊಂಡು ಬಂದ ಸಿದ್ದ. ನಾರಾಯಣ್ ಇಟ್ಟಿರುವ ಹೆಸರೇ ಸಿದ್ದ. ನಮ್ಮ ಕಡೆ ಕೇರಿಗೆ ನಾಲ್ಕು ಜನ ಸಿದ್ದ ಇರುತ್ತಾರೆ, ಹಾಗಾಗಿ ಕಿಟಕಿಯ ಹೊರಗಿದ್ದವರಿಗೆ ಆ ಒಂದು ಶಬ್ದ ಮಾತ್ರ ಚೆನ್ನಾಗಿ ಕೇಳಿಸಿತಂತೆ. ಸಿದ್ದ ಮಗುವಿನ ಜೊತೆ ಆಡುತ್ತಾನೆ, ಚಂದ್ರನ ಕಥೆ ಹೇಳುತ್ತಾನೆ. ಲೀಲಾ ಅವನಿಗೆ ಅಕ್ಷರ ಕಲಿಸಲು ಕೂರುತ್ತಾಳೆ. ಒಂದು ದಿನ ಮಗುವಿನ ಕತ್ತಿನ ಚಿನ್ನದ ಸರ ಕಾಣುವುದಿಲ್ಲ, ಸಿದ್ದನೂ ಕಾಣುವುದಿಲ್ಲ. ಪೊಲೀಸರು ಅವನು ಹಿಂದೆ ಜೈಲಿಗೆ ಹೋಗಿ ಬಂದವನು ಅನ್ನುತ್ತಾರೆ, ಹಿಡಿದು ತರುತ್ತಾರೆ. ಸರ ಎಲ್ಲಿ ಅಂತ ಕೇಳುತ್ತಾರೆ.

ಅಲ್ಲಿಗೆ ಕರೆಂಟು ಹೋಯಿತು.

ಧಾರಾವಾಹಿಯಾಗಿದ್ದರೆ ಮುಂದಿನ ವಾರ ಗೊತ್ತಾಗುತ್ತಿತ್ತು. ವಾರಕ್ಕೊಂದು ಕಥೆಯ ಕಷ್ಟ ಇದೇ, ಕೈ ತಪ್ಪಿದರೆ ತಪ್ಪಿತು. ಇಡೀ ಊರಿನಲ್ಲಿ ಒಬ್ಬರಿಗೂ ಸಿದ್ದ ಏನಾದ ಅಂತ ಗೊತ್ತಿಲ್ಲ. ಮಾರನೇ ದಿನ ಶಾಲೆಯಲ್ಲಿ ಎರಡು ಪಾರ್ಟಿ. ಹಜಾರದಲ್ಲಿ ಕೂತಿದ್ದವರು ‘ಅವ್ನೇ ಕದ್ದಿದ್ದು, ಪೊಲೀಸ್ರೇ ಹೇಳುದ್ರಲ್ಲ’ ಅಂದರು. ಕಿಟಕಿಯವರು ‘ಅವ್ನಲ್ಲ, ಮಗೀಗೆ ಅಷ್ಟ್ ಚೆಂದಾಗಿ ಆಡುಸ್ತಿದ್ದೋನು ಕದ್ದಾನಾ’ ಅಂದರು. ಒಂದೇ ಪರದೆ ನೋಡಿದವರು, ಎಲ್ಲಿಂದ ನೋಡಿದರು ಅನ್ನುವುದರ ಮೇಲೆ ಕೊನೆ ಬೇರೆ ಬೇರೆಯಾಗಿತ್ತು. ಮೇಷ್ಟ್ರನ್ನು ಕೇಳಿದರೆ ಅವರು ನಕ್ಕು ‘ಕಳ್ಳನ್ನ ಬಿಡ್ತಾರೇನ್ರೋ’ ಅಂದರಂತೆ. ಅಲ್ಲಿಗೆ ತೀರ್ಪಾಯಿತು.

ಇಷ್ಟೇ ಆಗಿದ್ದರೆ ಮಕ್ಕಳಾಟ ಅಂತ ಬಿಡಬಹುದಿತ್ತು. ನನ್ನ ದೊಡ್ಡಪ್ಪ ಆಗ ಅದೇ ಮನೆಯಲ್ಲಿ ದನ ಕಾಯುವ ಆಳು. ಹದಿನಾರು ವರ್ಷ. ಆ ಮನೆಯ ಚಿಕ್ಕ ಮಗುವನ್ನು ಎತ್ತಿಕೊಂಡು ಆಡಿಸುತ್ತಿದ್ದವನೂ ಅವನೇ. ಆ ವಾರದಿಂದ ಅವನ ಹೆಸರು ಸಿದ್ದ ಆಯಿತು. ಮೊದಮೊದಲು ತಮಾಷೆಗೆ. ಆಮೇಲೆ ಯಾರ ಮನೆಯಲ್ಲಿ ಏನು ಕಾಣದಿದ್ದರೂ, ಕುಡುಗೋಲಾಗಲಿ ಕೋಳಿಯಾಗಲಿ, ‘ಸಿದ್ದನ್ನ ಕೇಳ್ರೋ’ ಅನ್ನುವುದು ಊರ ಮಾತಾಯಿತು. ಅವನು ಏನೂ ಕದ್ದಿರಲಿಲ್ಲ, ಕದ್ದ ಅಂತ ಯಾರೂ ಹೇಳಿಯೂ ಇರಲಿಲ್ಲ. ಸುಮ್ಮನೆ ಕೇಳುತ್ತಿದ್ದರು. ಮೂರು ವರ್ಷ ಕೇಳಿಸಿಕೊಂಡು ಒಂದು ದಿನ ಶ್ರೀರಂಗಪಟ್ಟಣದ ಬಸ್ಸು ಹತ್ತಿದ. ಊರು ಬಿಟ್ಟಿದ್ದಕ್ಕೆ ಬೇರೆ ಕಾರಣವೂ ಇತ್ತು, ಕೂಲಿ ಸರಿಯಾಗಿ ಸಿಗುತ್ತಿರಲಿಲ್ಲ ಅಂತ ಅಪ್ಪ ಹೇಳುತ್ತಾನೆ. ದೊಡ್ಡಪ್ಪ ಕಾರಣ ಹೇಳುವುದಿಲ್ಲ.

ಹೋದ ವರ್ಷ ಯುಗಾದಿಗೆ ದೊಡ್ಡಪ್ಪನ ಮನೆಗೆ ಹೋಗಿದ್ದಾಗ ಮೊಬೈಲಿನಲ್ಲಿ ಆ ಕಂತು ಹುಡುಕಿ ಹಾಕಿದೆ. ಅಪ್ಪನೂ ಇದ್ದ. ನಾನು ಅರ್ಥ ಹೇಳುತ್ತಾ ಹೋದೆ. ದೊಡ್ಡಪ್ಪ ಕನ್ನಡಕ ಹಣೆಗೇರಿಸಿ ಮೊಬೈಲನ್ನು ಕಣ್ಣಿಗೆ ಹತ್ತಿರ ಹಿಡಿದುಕೊಂಡಿದ್ದ. ಅಪ್ಪ ಅವನ ಭುಜದ ಮೇಲಿಂದ ಇಣುಕುತ್ತಿದ್ದ, ಅಭ್ಯಾಸ ಇರಬೇಕು. ಮುಗಿದ ಮೇಲೆ ನಾರಾಯಣ್ ಪುಸ್ತಕದಲ್ಲಿ ಇರುವುದನ್ನೂ ಓದಿ ಹೇಳಿದೆ. ಸರ ಸಿಗುವುದು ಅಡುಗೆಮನೆಯ ಹುಣಸೆಹಣ್ಣಿನ ಪಾತ್ರೆಯಲ್ಲಿ. ಮಗುವೇ ಅದರೊಳಗೆ ಹಾಕಿ ಮರೆತಿತ್ತು. ಸಿದ್ದ ಕದ್ದಿರಲಿಲ್ಲ. ಆದರೂ ಲೀಲಾಳ ಅಪ್ಪ, ಏನೇ ಆದರೂ ಅಂಥವನನ್ನು ಮನೆಯಲ್ಲಿ ಇಟ್ಟುಕೊಳ್ಳಲು ಆಗುತ್ತಿರಲಿಲ್ಲ ಅನ್ನುವ ಅರ್ಥದ ಮಾತಾಡುತ್ತಾನೆ, ಕಥೆ ಮುಗಿಯುತ್ತದೆ.

‘ಸರ ಸಿಕ್ತಲ್ಲ?’ ಅಂದ ದೊಡ್ಡಪ್ಪ.

‘ಹ್ಞೂಂ.’

‘ಸಿಕ್ಕುದ್ ಮೇಲೂ ಅಂಗಂದ್ನಾ?’

‘ಹ್ಞೂಂ ದೊಡ್ಡಪ್ಪ.’

ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆ ಚಂದ್ರನ್ ಕತೆ ಹೇಳ್ತಾನಲ್ಲ, ಅದ್ನ ಇನ್ನೊಂದ್ ಸಲ ಹಾಕು ಮಗ. ಆವತ್ತು ಅದೇನ್ ಹೇಳ್ತಿದ್ನೋ ಗೊತ್ತೇ ಆಗ್ನಿಲ್ಲ’ ಅಂದ. ಸಿದ್ದ ಚಂದ್ರನ ವಿಷಯದಲ್ಲಿ ಆ ಮಗುವಿಗೆ ಬುರುಡೆ ಬಿಡುತ್ತಾನೆ, ತೆಂಗಿನ ಮರ ಹತ್ತಿದರೆ ಮುಟ್ಟಬಹುದು ಅನ್ನುವ ಥರದ್ದು. ಅದನ್ನು ಹೇಳಿದೆ. ಇಬ್ಬರೂ ನಕ್ಕರು. ಅಪ್ಪ ಮಾತ್ರ ಆಮೇಲೂ ತಡೆಯಲಾರದೆ ‘ನಾವ್ ಏಳಿರ್ನಿಲ್ವಾ, ಅವ್ನಲ್ಲ ಅಂತ’ ಅಂತ ಎರಡು ಮೂರು ಸಲ ಅಂದ. ಅವನಿಗೆ ಮೂವತ್ತೇಳು ವರ್ಷ ಹಿಂದಿನ ಪಂದ್ಯ ಗೆದ್ದ ಖುಷಿ.

ಹಿಚ್‌ಕಾಕ್ ಕಾರ್ಯಕ್ರಮದಲ್ಲಿ ಒಂದು ಪದ್ಧತಿ ಇತ್ತು. ಅಪರಾಧಿ ತಪ್ಪಿಸಿಕೊಂಡಂತೆ ಕಥೆ ಮುಗಿದರೆ ಆತ ಕೊನೆಗೆ ಬಂದು, ಚಿಂತೆ ಮಾಡಬೇಡಿ, ಅವರು ಆಮೇಲೆ ಸಿಕ್ಕಿಬಿದ್ದರು ಅಂತ ಒಂದು ಮಾತು ಹೇಳಿ ಹೋಗುತ್ತಿದ್ದ. ಟಿ.ವಿ.ಯಲ್ಲಿ ಪಾಪಕ್ಕೆ ಶಿಕ್ಷೆ ಆಗಲೇಬೇಕು ಅನ್ನುವ ಕಾಲ ಅದು. ಅವನು ಅದನ್ನು ಎಷ್ಟು ನಿರುತ್ಸಾಹದಿಂದ ಹೇಳುತ್ತಿದ್ದನೆಂದರೆ ಯಾರೂ ನಂಬುತ್ತಿರಲಿಲ್ಲ. ನಾರಾಯಣ್ ಕಥೆಯಲ್ಲಿ ತೊಂದರೆ ತಿರುಗುಮುರುಗು. ಇಲ್ಲಿ ತಪ್ಪಿಲ್ಲದವನು ಸಿಕ್ಕಿಬಿದ್ದಿದ್ದಾನೆ. ಆಮೇಲೆ ಅವನಿಗೆ ಒಳ್ಳೆಯದಾಯಿತು ಅಂತ ಹೇಳಲು ಯಾವ ದಪ್ಪ ಮನುಷ್ಯನೂ ಬರುವುದಿಲ್ಲ. ನನ್ನ ಪ್ರಕಾರ ‘ಮಾಲ್ಗುಡಿ ಡೇಸ್’ ಅನ್ನು ಬರೀ ಮುದ್ದು ಧಾರಾವಾಹಿ ಅನ್ನುವವರು ಈ ಕಂತನ್ನು ಸರಿಯಾಗಿ ನೋಡಿಲ್ಲ. ಮೊದಲ ಕಂತುಗಳಲ್ಲಿ ಬರುವ ಸ್ವಾಮಿ ಕತ್ತಲಲ್ಲಿ ಒಬ್ಬನೇ ಮಲಗಿ, ದೆವ್ವ ಅಂದುಕೊಂಡು ಕಳ್ಳನ ಕಾಲು ಕಚ್ಚುವ ಕಥೆಯನ್ನೂ ನಾವು ನಗುವುದಕ್ಕೇ ಅಂದುಕೊಂಡಿದ್ದೇವೆ. ಆ ಹುಡುಗನನ್ನು ಆ ಕತ್ತಲಿಗೆ ದಬ್ಬಿದ್ದು ಅವನಪ್ಪನ ಹಟ ಅನ್ನುವುದು ಎಷ್ಟು ಜನಕ್ಕೆ ನೆನಪಿದೆ?

ಕಿಕ್ಕೇರಿಯ ಅತ್ತೆಗೆ ನೆನಪಿದ್ದದ್ದು ಬೇರೆ ಕಂತು. ಪೋಸ್ಟ್‌ಮ್ಯಾನ್ ಕಥೆ, ‘ದಿ ಮಿಸ್ಸಿಂಗ್ ಮೇಲ್’. ತಾನಪ್ಪ ಎಂಬ ಅಂಚೆಯವನು ರಾಮಾನುಜಂ ಮಗಳ ಮದುವೆಗೆ ಮನೆಯವನಂತೆ ಓಡಾಡುತ್ತಾನೆ. ಮುಹೂರ್ತ ತಪ್ಪಿದರೆ ಆ ಸಂಬಂಧವೇ ಕೈ ತಪ್ಪುವ ಪರಿಸ್ಥಿತಿ. ಮದುವೆ ಆದ ಎಷ್ಟೋ ದಿನಕ್ಕೆ ಅವನು ಒಂದು ಕಾಗದ, ಒಂದು ತಂತಿ ತಂದು ಕೊಡುತ್ತಾನೆ: ರಾಮಾನುಜಂ ಚಿಕ್ಕಪ್ಪ ಮದುವೆಯ ದಿನವೇ ತೀರಿಕೊಂಡಿದ್ದಾರೆ. ಸುದ್ದಿ ಗೊತ್ತಾದರೆ ಮದುವೆ ನಿಲ್ಲುತ್ತದೆ ಅಂತ ಅವನೇ ಮುಚ್ಚಿಟ್ಟಿದ್ದ. ದೂರು ಕೊಟ್ಟರೆ ನನ್ನ ಕೆಲಸ ಹೋಗುತ್ತದೆ, ಕೊಡಿ ಅನ್ನುತ್ತಾನೆ. ಕೊಡುವುದಿಲ್ಲ, ಆದರೆ ನೀನು ಹೀಗೆ ಮಾಡಬಾರದಿತ್ತು ಅನ್ನುತ್ತಾನೆ ರಾಮಾನುಜಂ.

ಅತ್ತೆ ನೋಡಿದ್ದು ಮದುವೆಯವರೆಗೆ. ವಾಲಗ ಊದಿದರು, ಕರೆಂಟು ಹೋಯಿತು. ಹಾಗಾಗಿ ಅವಳ ಲೆಕ್ಕದಲ್ಲಿ ಅದೊಂದು ಮದುವೆ ಕಥೆ, ಚೆನ್ನಾಗಿ ಮುಗಿಯಿತು. ಕೊನೆ ಹೇಳಿದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ. ‘ಇದ್ಯಾಕ್ ಕತೆ ಆಯ್ತದೆ? ನನ್ ಮದುವೇಲೂ ಅಂಗೇ ಮಾಡುದ್ರು’ ಅಂದಳು. ಅವಳ ಧಾರೆಯ ದಿನ ಬೆಳಗ್ಗೆ ಗಂಡಿನ ಕಡೆಯ ಅಜ್ಜಿಯೊಬ್ಬರು ಹೋಗಿಬಿಟ್ಟಿದ್ದರಂತೆ. ಸುದ್ದಿ ತಂದ ಸೈಕಲಿನವನನ್ನು ಊರಾಚೆ ತೋಟದಲ್ಲೇ ಕೂರಿಸಿ, ಎಲೆಯಲ್ಲಿ ಊಟ ಕಳಿಸಿ, ತಾಳಿ ಕಟ್ಟಿದ ಮೇಲೆ ಕರೆತಂದರಂತೆ. ಸೂತಕ ಮೊದಲೋ ಧಾರೆ ಮೊದಲೋ ಅನ್ನುವುದು ಆ ಸೈಕಲಿನವನ ಹಸಿವಿನ ಮೇಲೆ ನಿಂತಿತ್ತು. ಹಿಚ್‌ಕಾಕ್ ಪ್ರಕಾರ ನೋಡಿದರೆ ನಾರಾಯಣ್ ಕಥೆ ಬೆಚ್ಚಿಬೀಳಿಸುವಂಥದ್ದು, ಕೊನೆವರೆಗೂ ಕಾಗದದ ಸುಳಿವು ಕೊಡುವುದಿಲ್ಲ. ಅತ್ತೆಯ ಮದುವೆ ನಿಜವಾದ ಸಸ್ಪೆನ್ಸ್. ತೋಟದಲ್ಲಿ ಒಬ್ಬ ಕೂತಿದ್ದಾನೆ ಅಂತ ನಾಲ್ಕು ಜನಕ್ಕೆ ಗ��ತ್ತು, ಹಸೆಮಣೆ ಮೇಲಿದ್ದವರಿಗೆ ಗೊತ್ತಿಲ್ಲ. ಮಾವನಿಗೆ ಆ ಸಿಟ್ಟು ಇನ್ನೂ ಇದೆ. ‘ನಮ್ಮಜ್ಜಿ ಮಣ್ಣಿಗೂ ನಾನು ಓಗ್ಲಿಲ್ಲ’ ಅಂತ ಪ್ರತಿ ವರ್ಷ ಮದುವೆಯಾದ ದಿನ ಒಂದು ಮಾತು ಬರುತ್ತದಂತೆ.

ಪಾಂಡವಪುರದ ಸೋದರಮಾವನಿಗೆ ಇವೆಲ್ಲ ಸಪ್ಪೆ. ಅವನ ಪ್ರಕಾರ ಸಸ್ಪೆನ್ಸ್ ಅಂದರೆ ‘ಗುಡ್ಡದ ಭೂತ’. ಸದಾನಂದ ಸುವರ್ಣ ಅವರ ಧಾರಾವಾಹಿ, ಕನ್ನಡದಲ್ಲೇ ಬೆಂಗಳೂರು ದೂರದರ್ಶನದಲ್ಲಿ ಬಂದದ್ದು. ಈಗಿನ ಪ್ರಕಾಶ್ ರಾಜ್ ಆಗ ಪ್ರಕಾಶ್ ರೈ. ಕರಾವಳಿಯ ಗುಡ್ಡ, ರಾತ್ರಿ, ಭೂತದ ಭಯ. ಅದರ ಶೀರ್ಷಿಕೆ ಹಾಡು ಶುರುವಾದರೆ ಮಾವ ಮತ್ತು ಅವನ ತಂಗಿ, ಅಂದರೆ ನಮ್ಮಮ್ಮ, ಕಂಬಳಿ ಹೊದ್ದುಕೊಂಡು ನೋಡುತ್ತಿದ್ದರಂತೆ. 2015ರಲ್ಲಿ ‘ರಂಗಿತರಂಗ’ ಸಿನಿಮಾದಲ್ಲಿ ಆ ಹಾಡಿನ ಸೊಲ್ಲು ಮತ್ತೆ ಕೇಳಿದಾಗ ನಮ್ಮ ಪಕ್ಕದ ಸೀಟಿನಲ್ಲಿದ್ದ ಅಮ್ಮ ಕಾಲು ಮೇಲೆತ್ತಿಕೊಂಡು ಕೂತದ್ದು ನನಗೆ ನೆನಪಿದೆ. ನಮಗೆ ಅದೊಂದು ಹಾಡು, ಅವಳಿಗೆ ಮಂಚದ ಕೆಳಗಿನ ಕತ್ತಲು. ಮಾವ ಹೇಳುವುದರಲ್ಲಿ ಒಂದು ನ್ಯಾಯ ಇದೆ: ಅದು ಒಂದೇ ಕಥೆ, ವಾರ ವಾರ ಮುಂದುವರಿಯುತ್ತಿತ್ತು. ಕರೆಂಟು ಹೋದರೂ ಮುಂದಿನ ವಾರ ಹಿಂದಿನದು ಊಹಿಸಿಕೊಳ್ಳಬಹುದು. ಜೊತೆಗೆ ಕನ್ನಡ, ಮೇಷ್ಟ್ರು ಬೇಕಿಲ್ಲ. ಅವರ ಮನೆಯಲ್ಲಿ ಸ್ವಂತ ಟಿ.ವಿ. ಇತ್ತು ಅನ್ನುವುದನ್ನು ಮಾತ್ರ ಅವನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಈಗ ಮೈಸೂರು–ಬೆಂಗಳೂರು ಹಳಿಯ ಮೇಲೆ ‘ಮಾಲ್ಗುಡಿ ಎಕ್ಸ್‌ಪ್ರೆಸ್’ ಎಂಬ ಹೆಸರಿನ ರೈಲು ಇದೆ. ಶ್ರೀರಂಗಪಟ್ಟಣದ ಕೋಟೆ, ಕಾವೇರಿ, ಪಾಂಡವಪುರದ ಕಬ್ಬು ದಾಟಿಕೊಂಡೇ ಆ ದಾರಿ. ದೊಡ್ಡಪ್ಪನಿಗೆ ಹೇಳಿದಾಗ ‘ಅದು ನಿಲ್ಲೋ ಊರು ಯಾವುದು, ಮಾಲ್ಗುಡಿ?’ ಅಂತ ಕೇಳಿದ. ಅಂಥ ಊರಿಲ್ಲ ಅಂದೆ. ‘ಮತ್ತೆ ಟಿಕೇಟು?’ ಅಂದ.

ಯುಗಾದಿ ಆದ ಮೇಲೆ ಅಪ್ಪ ಒಂದು ಪಟ್ಟಿ ಮಾಡಿಸಿದ್ದಾನೆ. ಕಿಟಕಿಯಿಂದ ನೋಡಿ ಕೊನೆ ಗೊತ್ತಾಗದೆ ಉಳಿದವು. ಮೂರು ಇದ್ದವು. ಸಿದ್ದನದು ಆಯಿತು. ಎರಡನೆಯದು, ಲಾಟರಿಯಲ್ಲಿ ರೋಡ್ ಎಂಜಿನ್ ಗೆದ್ದವನು ಅದನ್ನು ಏನು ಮಾಡಬೇಕು ಅಂತ ತಿಳಿಯದೆ ಪರದಾಡುವ ಕಥೆ. ಅದೂ ಸಿಕ್ಕಿತು, ಮಾಲ್ಗುಡಿಯದೇ. ಮೂರನೆಯದು ಮಾತ್ರ ಸಿಕ್ಕಿಲ್ಲ. ಮಳೆ ಬರುತ್ತಿದೆ, ಒಬ್ಬ ಮುದುಕ ಲಾಟೀನು ಹಿಡಿದುಕೊಂಡು ಬಾವಿಯ ಹತ್ತಿರ ಹೋಗುತ್ತಾನೆ. ಕಂಕುಳಲ್ಲಿ ಬಟ್ಟೆಯ ಗಂಟು. ಬಾವಿಕಟ್ಟೆಯ ಮೇಲೆ ಗಂಟು ಇಟ್ಟು ಹಿಂದಕ್ಕೆ ತಿರುಗಿ ನೋಡುತ್ತಾನೆ, ಯಾರೋ ಕರೆದ ಹಾಗೆ. ಆಗ ಒಳಗಿನವರು ಇರಚಲು ಬರುತ್ತದೆ ಅಂತ ಕಿಟಕಿ ಮುಚ್ಚಿದರು. ಮೂವತ್ತೊಂಬತ್ತು ಕಂತನ್ನೂ ನೋಡಿದ್ದೇನೆ, ಅದರಲ್ಲಿಲ್ಲ. ಬೇರೆ ಯಾವುದೋ ವಾರದ ಕಥೆ ಇರಬೇಕು, ಹಿಂದಿಯೋ ಕನ್ನಡವೋ ಅವನಿಗೆ ತಿಳಿಯದು, ಮಾತು ಕೇಳಿಸಿರಲಿಲ್ಲವಲ್ಲ. ಆ ಕಾಲದಲ್ಲಿ ಹಜಾರದಲ್ಲಿ ಕೂತು ನೋಡಿದವರು ಯಾರಾದರೂ ಇದನ್ನು ಓದುತ್ತಿದ್ದರೆ, ಆ ಗಂಟಿನಲ್ಲಿ ಏನಿತ್ತು ಅಂತ ದಯವಿಟ್ಟು ಈ ಪುಟಕ್ಕೆ ಬರೆದು ತಿಳಿಸಿ.